ಗಡ್ಡ ಬಿಟ್ಟ ಸುಬೇದಾರರು

ಸುಬೇದಾರರು ತೀರಿಕೊಂಡು ತಿಂಗಳಾಯಿತು. ನನ್ನ ಅಂಗಡಿಯ ನಿಲುವುಗನ್ನಡಿ ಈಗ ಪೂರ್ತಿ ನನ್ನದು. ಹನ್ನೊಂದು ವರ್ಷ, ಬೆಳಿಗ್ಗೆ ಏಳೂವರೆಗೆ ನಾನು ಷಟರ್ ಎತ್ತಿ ಕಸ ಗುಡಿಸುವಷ್ಟರಲ್ಲಿ, ಅವರು ಮೇಲಿನ ಮನೆಯಿಂದ ಮೆಟ್ಟಿಲಿಳಿದು ಬಂದು ಅದರ ಮುಂದೆ ನಿಂತುಬಿಡುತ್ತಿದ್ದರು. ಮೊದಲು ಗಲ್ಲ, ಆಮೇಲೆ ಕಾಲರ್, ಆಮೇಲೆ ಬೆಲ್ಟಿನ ಬಕಲ್, ಕೊನೆಗೆ ಹಿಂದೆ ತಿರುಗಿ ಕತ್ತು ಹೊರಳಿಸಿ ಬೆನ್ನು. ಇಷ್ಟೆಲ್ಲ ನೋಡಿಕೊಂಡು ಹೊರಡುತ್ತಿದ್ದದ್ದು ಹಾಲಿನ ಬೂತಿಗೆ. ಅರ್ಧ ಲೀಟರ್ ಹಾಲಿಗೆ.

ಮಾಜಿ ಸೈನಿಕರೆಲ್ಲ ಸೇರಿ ಅವರ ನೆನಪಿಗೆ ಒಂದು ಪುಸ್ತಕ ಮಾಡುತ್ತಿದ್ದಾರಂತೆ. "ನಿಮ್ಗೆ ಚೆನ್ನಾಗ್ ಗೊತ್ತಿತ್ತಲ್ಲಮ್ಮ, ನಾಲ್ಕ್ ಒಳ್ಳೆ ಮಾತು ಬರ್ಕೊಡಿ" ಎಂದು ಕೇಳಿದರು. ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದನ್ನು ಹೇಳಿಕೊಟ್ಟಿದ್ದಾಳೆ, ಬರೆಯುವುದೇನೂ ಕಷ್ಟವಿಲ್ಲ. ಆದರೆ ಒಳ್ಳೆಯ ಮಾತು ನಾಲ್ಕೇ ಎಂದರೆ ಬೇಗ ಮುಗಿದುಹೋಗುತ್ತದೆ. ಮಿಕ್ಕಿದ್ದನ್ನು ಎಲ್ಲಿ ಬರೆಯಲಿ? ಅದಕ್ಕೇ ಎಲ್ಲವನ್ನೂ ಇಲ್ಲೇ ಬರೆಯುತ್ತಿದ್ದೇನೆ. ಅವರ ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ಹೆಸರಿನ ಹಿಂದೆ ರ‍್ಯಾಂಕು ಎಲ್ಲಿ, ಅದರ ಮಧ್ಯೆ ಚುಕ್ಕಿ ಯಾಕಿಲ್ಲ ಎಂದು ಎದ್ದು ಬಂದು ಕೇಳಿಯಾರು.

ತುಮಕೂರಿನ ಬಟವಾಡಿಯಲ್ಲಿ ನನ್ನದು ಟೇಲರಿಂಗ್ ಅಂಗಡಿ. ಬ್ಲೌಸು, ಸೀರೆಗೆ ಫಾಲ್ಸು, ಸ್ಕೂಲ್ ಮಕ್ಕಳ ಯೂನಿಫಾರಂ. ಅಂಗಡಿಯ ಮೇಲಿನ ಎರಡು ರೂಮು ಬಾಡಿಗೆಗೆ ಕೊಟ್ಟಿದ್ದೆ. ಹೆಂಡತಿ ಹೋದ ಮೇಲೆ ಸುಬೇದಾರರು ಅಲ್ಲಿಗೆ ಬಂದರು. ಮಗಳು ಗುಬ್ಬಿಯಲ್ಲಿದ್ದಳು, ನಮ್ಮಲ್ಲೇ ಇರಿ ಅಪ್ಪಾಜಿ ಎಂದು ಕರೆದಿದ್ದಳಂತೆ. ಅಳಿಯ ಮನೆಯಲ್ಲಿ ಬರ್ಮುಡಾ ಚಡ್ಡಿ ಹಾಕಿಕೊಂಡು ಓಡಾಡುತ್ತಾನೆ ಎಂಬ ಒಂದೇ ಕಾರಣಕ್ಕೆ ಇವರು ಒಲ್ಲೆ ಎಂದಿದ್ದರು. ಮಗಳೇ ನನ್ನ ಹತ್ತಿರ ಹೇಳಿದ್ದು, ಕಣ್ಣಲ್ಲಿ ನೀರು ತುಂಬಿಕೊಂಡು. ನಾನು ಸಮಾಧಾನ ಮಾಡುವ ಬದಲು ನಕ್ಕುಬಿಟ್ಟೆ. ಆಮೇಲೆ ಅನುಭವಿಸಿದವಳು ನಾನು.

ಮೊದಲ ವಾರವೇ ಒಂದು ಪ್ಯಾಂಟು ತಂದರು, ಕಾಲಿನ ಅಂಚು ಮಡಿಸಿ ಹೊಲಿಯಲು. ಹೊಲಿದುಕೊಟ್ಟೆ. ಮಾರನೇ ದಿನ ವಾಪಸ್ ಬಂತು. ಅವರ ಜೇಬಿನಲ್ಲಿ ಯಾವಾಗಲೂ ಆರಿಂಚಿನ ಒಂದು ಸ್ಟೀಲ್ ಸ್ಕೇಲ್ ಇರುತ್ತಿತ್ತು. ತಪ್ಪು ಕಂಡರೆ ಬಾಯಿ ಬಿಡುತ್ತಿರಲಿಲ್ಲ. ಸ್ಕೇಲ್ ತೆಗೆದು ತಪ್ಪಿದ್ದ ಕಡೆ ಎರಡು ಸಲ ಟಕ್ ಟಕ್ ಎನಿಸಿ, ಮುಖ ನೋಡಿಕೊಂಡು ನಿಂತುಬಿಡುತ್ತಿದ್ದರು.

"ಏನ್ ಸುಬೇದಾರ್ರೆ?" ಎಂದೆ.

"ಎಡಗಾಲು ಬಲಗಾಲಿಗಿಂತ ಒಂದ್ ನೂಲು ಉದ್ದ ಇದೆ ಟೇಲರಮ್ಮ."

"ನಿಮ್ ಕಾಲೇ ಉದ್ದ ಇರ್ಬೇಕು. ಅದುನ್ನೇ ಕತ್ತರಿಸ್ಲಾ?"

ನಗಲಿಲ್ಲ. ಸಂಜೆ ಒಂದು ಚೀಟಿ ತಂದು ಮೆಷಿನ್ ಮೇಲಿಟ್ಟರು. ಎಡಗಾಲು ಇಷ್ಟು, ಬಲಗಾಲು ಇಷ್ಟು, ಎರಡೂ ಸಮ, ಕೆಳಗೆ ಸಹಿ. ಆ ಪ್ಯಾಂಟನ್ನು ಮೂರು ಸಲ ಬಿಚ್ಚಿದೆ. ಬಿಚ್ಚುವಾಗ ಅವರನ್ನು ಬೈದ ಬೈಗುಳಗಳನ್ನು ಇಲ್ಲಿ ಬರೆಯುವುದಿಲ್ಲ. ಪುಸ್ತಕವನ್ನು ಮೊಮ್ಮಕ್ಕಳೂ ಓದುತ್ತಾರೆ.

ಒಂದು ಸಲ ನನಗೂ ಕೀಟಲೆ ಮಾಡಬೇಕೆನಿಸಿತು. ಅವರ ಬಿಳೀ ಶರ್ಟಿನ ಜೇಬಿನ ಗುಂಡಿಯನ್ನು ತಿಳಿ ಹಳದಿ ದಾರದಲ್ಲಿ ಹಾಕಿದೆ. ಬಿಳಿಗೂ ಅದಕ್ಕೂ ನನ್ನ ಕಣ್ಣಿಗೇ ವ್ಯತ್ಯಾಸ ಕಾಣುತ್ತಿರಲಿಲ್ಲ. ಶರ್ಟು ತೆಗೆದುಕೊಂಡು ಮೇಲೆ ಹೋದರು. ನಾನು ಮೆಷಿನ್ನಿಗೆ ಬಾಬಿನ್ ಹಾಕುತ್ತಿದ್ದೆ, ಹಾಕಿ ಮುಗಿಸಿರಲಿಲ್ಲ. ಮೆಟ್ಟಿಲ ಮೇಲೆ ಬೂಟಿನ ಸದ್ದು. ಟಕ್ ಟಕ್.

ಪಟಾಲಂನಲ್ಲಿ ಅವರ ಕೆಲಸವೇ ಅದಾಗಿತ್ತಂತೆ. ಬೆಳಿಗ್ಗೆ ಪರೇಡಿಗೆ ಮುಂಚೆ ಜವಾನರ ಸಾಲಿನ ಮುಂದೆ ನಡೆದು ಹೋಗುವುದು. ಕತ್ತಿನ ಹಿಂದೆ ಬೆರಳಾಡಿಸಿ ಕೂದಲು ಸಿಕ್ಕಿದರೆ ಸಾಲಿನಿಂದ ಆಚೆ. ಬೂಟಿನ ತುದಿಯಲ್ಲಿ ಮುಖ ಕಾಣದಿದ್ದರೆ ಆಚೆ. ಗಲ್ಲದ ಮೇಲೆ ಹತ್ತಿ ಎಳೆ ಎಳೆದಾಗ ಸಿಕ್ಕಿಕೊಂಡರೆ ಆಚೆ. ರಜೆಗೆ ಹೊರಟವನನ್ನೂ ಗೇಟಿನಿಂದ ಕ್ಷೌರದಂಗಡಿಗೆ ವಾಪಸ್ ಕಳಿಸಿ, ಅವನ ರೈಲು ತಪ್ಪಿಸಿದ ಕಥೆಯನ್ನು ಅವರು ಹೆಮ್ಮೆಯಿಂದ ಹೇಳುತ್ತಿದ್ದರು.

"ಆ ಹುಡುಗ್ನ ಹೆಂಡ್ತಿ ಸ್ಟೇಷನ್ನಲ್ ಕಾಯ್ತಿದ್ಳೋ ಏನೋ. ಪಾಪ ಅನ್ನಿಸ್ಲಿಲ್ವಾ ನಿಮ್ಗೆ?" ಎಂದು ಕೇಳಿದ್ದೆ.

"ಅನ್ನಿಸ್ತು. ಅನ್ನಿಸಿದ್ರೆ ಕೂದ್ಲು ಗಿಡ್ಡ ಆಗುತ್ತಾ?"

ಇಂಥ ಮನುಷ್ಯನ ಹತ್ತಿರ ಏನು ಮಾತಾಡುವುದು? ನಿವೃತ್ತಿಯಾದ ಮೇಲೆ ಜವಾನರು ಸಿಗಲಿಲ್ಲ, ಬಟವಾಡಿಯವರು ಸಿಕ್ಕಿದರು. ಸ್ಟ್ಯಾಂಡಿನ ಆಟೋದವರು ಇವರು ಬರುವುದು ಕಂಡರೆ ಖಾಕಿ ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಿದ್ದರು, ಅವರು ದಾಟಿದ ಮೇಲೆ ಬಿಚ್ಚುತ್ತಿದ್ದರು. ಒಂದು ಮದುವೆ ಹುಡುಗಿ ಬ್ಲೌಸು ಹಾಕಿ ನೋಡಲು ಬಂದಿದ್ದಾಗ ಇವರು ಬಾಗಿಲಲ್ಲಿ ನಿಂತು, ಒಂದು ಸಲ ಕಣ್ಣು ಹಾಯಿಸಿ, ಗೋಡೆಯ ಕಡೆ ತಿರುಗಿಕೊಂಡು, "ಟೇಲರಮ್ಮ, ತೋಳು ಎರಡೂ ಒಂದೇ ಸಮ ಇಲ್ಲ" ಎಂದರು. ಹುಡುಗಿ ಬಟ್ಟೆ ವಾಪಸ್ ತೆಗೆದುಕೊಂಡು ಹೋದಳು. ಅವರು ಹೇಳಿದ್ದು ನಿಜವಾಗಿತ್ತು ಎಂಬುದೇ ನನಗೆ ಇನ್ನಷ್ಟು ಉರಿ.

ಡಿಸೆಂಬರ್ ಬಂತೆಂದರೆ ನನ್ನ ಅಂಗಡಿ ನನ್ನದಾಗಿ ಉಳಿಯುತ್ತಿರಲಿಲ್ಲ. ಜನವರಿ ಇಪ್ಪತ್ತಾರಕ್ಕೆ ತುಮಕೂರಿನ ಮೈದಾನದಲ್ಲಿ ನಡೆಯುವ ಪಥಸಂಚಲನದಲ್ಲಿ ಮಾಜಿ ಸೈನಿಕರದೂ ಒಂದು ತುಕಡಿ ಇರುತ್ತದೆ. ಇಪ್ಪತ್ತನಾಲ್ಕು ಜನ. ಅದರ ಮುಂದಾಳು ಇವರೇ. ನಿವೃತ್ತರಾದವರು ಮಿಲಿಟರಿ ಯೂನಿಫಾರಂ ಹಾಕಿಕೊಳ್ಳುವ ಹಾಗಿಲ್ಲ. ಹಾಗಾಗಿ ನೀಲಿ ಬ್ಲೇಜರ್, ಬೂದು ಬಣ್ಣದ ಪ್ಯಾಂಟು, ಟೈ, ತಲೆಗೆ ಒಂದು ಬದಿಗೆ ವಾಲುವ ಬೆರೆ ಟೋಪಿ, ಎದೆಯ ಎಡಗಡೆ ಮೆಡಲುಗಳು. ಗುಬ್ಬಿ, ಕುಣಿಗಲ್, ಬೆಳ್ಳಾವಿ ಎಲ್ಲ ಕಡೆಯಿಂದ ಭಾನುವಾರ ಭಾನುವಾರ ಪ್ರಾಕ್ಟೀಸಿಗೆ ಬಂದವರು ಮೊದಲು ನನ್ನ ಅಂಗಡಿಯ ಮುಂದೆ ಸಾಲಾಗಿ ನಿಲ್ಲಬೇಕು. ಯಾಕೆಂದರೆ ಸೂಜಿ, ದಾರ, ಇಸ್ತ್ರಿ, ಕನ್ನಡಿ ಎಲ್ಲ ಇದ್ದದ್ದು ಅಲ್ಲೇ. ತೋಟ, ಹೊಲ ನೋಡಿಕೊಂಡು ಇದ್ದವರು ಕೆಲವರು, ಬ್ಯಾಂಕು, ಫ್ಯಾಕ್ಟರಿ ಗೇಟುಗಳಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಸೇರಿಕೊಂಡವರು ಕೆಲವರು. ವರ್ಷಕ್ಕೊಂದಿಂಚಿನಂತೆ ಎಲ್ಲರ ಹೊಟ್ಟೆಯೂ ಮುಂದೆ ಬರುತ್ತಿತ್ತು. ಬ್ಲೇಜರಿನ ಗುಂಡಿ ಹಾಕಿದ ಮೇಲೂ ಒಳಗೆ ಎರಡು ಬೆರಳು ಆಡಬೇಕು ಎಂಬುದು ಇವರ ಕಾನೂನು. ಬಿಚ್ಚಿ ಅಗಲ ಮಾಡಬೇಕಾದವಳು ನಾನು.

ಅವರ ಇನ್ನೊಂದು ಮಾತಿತ್ತು: "ಡ್ರಿಲ್ಲು ವಯಸ್ಸಿಗೆ ಬಿಟ್ಟಿದ್ದು, ಡ್ರೆಸ್ಸು ಮನಸ್ಸಿಗೆ ಬಿಟ್ಟಿದ್ದು." ಹೆಜ್ಜೆ ತಪ್ಪಿದವನಿಗೆ ಬೈಗುಳ ಸಿಗುತ್ತಿತ್ತು ಅಷ್ಟೇ, ತುಕಡಿಯಲ್ಲಿ ಉಳಿಯುತ್ತಿದ್ದ. ವೇಷದಲ್ಲಿ ತಪ್ಪಿದವನಿಗೆ ಉಳಿಗಾಲವಿರಲಿಲ್ಲ. ಒಂದು ವರ್ಷ ಕುಣಿಗಲ್ಲಿನ ಹವಾಲ್ದಾರರು ಕಪ್ಪು ಸಾಕ್ಸಿಗೆ ಬದಲು ಬಿಳೀ ಸಾಕ್ಸ್ ಹಾಕಿಕೊಂಡು ಬಂದಿದ್ದರು. ಕತ್ತಲಲ್ಲೇ ಎದ್ದು ಮೊದಲ ಬಸ್ಸು ಹಿಡಿದು ಬಂದವರು, ದೀಪ ಹಾಕದೆ ಕೈಗೆ ಸಿಕ್ಕಿದ್ದು ಹಾಕಿಕೊಂಡಿದ್ದರು. ಸುಬೇದಾರರು ಸ್ಕೇಲಿನಿಂದ ಅವರ ಪ್ಯಾಂಟಿನ ಅಂಚನ್ನು ಒಂದಿಷ್ಟು ಮೇಲೆತ್ತಿ ನೋಡಿ, "ಔಟ್" ಎಂದರು. ಹವಾಲ್ದಾರರು ಇಡೀ ಪರೇಡನ್ನು ಬೇಲಿಯಾಚೆ ಕಡಲೆಕಾಯಿ ಮಾರುವವನ ಪಕ್ಕ ನಿಂತು ನೋಡಿದರು. ಮೆಡಲುಗಳನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದರು. ಆವತ್ತು ಸಂಜೆ ನಾನು ಸುಬೇದಾರರಿಗೆ ಕಾಫಿ ಕೊಡಲಿಲ್ಲ.

ಇನ್ನು ಕೆಂಪಣ್ಣನ ವಿಷಯ. ಬೆಳ್ಳಾವಿ ಕಡೆಯ ನಿವೃತ್ತ ನಾಯಕ್, ಒಂದಷ್ಟು ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ. ಮಾತು ಕಡಿಮೆ. ಎಷ್ಟೋ ವರ್ಷದಿಂದ ತುಕಡಿಯಲ್ಲಿದ್ದ, ಒಂದು ಸಲವೂ ಔಟ್ ಆದವನಲ್ಲ. ಅಂಥವನು ಒಂದು ಡಿಸೆಂಬರಿನ ಮೊದಲ ಭಾನುವಾರ ಎದೆಯವರೆಗೆ ಗಡ್ಡ, ಕತ್ತಿನ ಮೇಲೆ ಜಡೆಗಟ್ಟಿದ ಕೂದಲು ಬಿಟ್ಟುಕೊಂಡು ಬಂದು ಸಾಲಿನಲ್ಲಿ ನಿಂತ. ನಾನು ಮೆಷಿನ್ ನಿಲ್ಲಿಸಿದೆ.

"ಏನ್ಲಾ ಇದು ಕೆಂಪಣ್ಣ, ಮುಖದ್ ಮೇಲೆ?" ಎಂದರು ಸುಬೇದಾರರು.

"ಹರಕೆ ಸಾಬ್."

"ಯಾವಾಗ್ ತೆಗೀತೀಯ?"

"ಅವ್ಳು ಗುಡ್ಡ ಹತ್ತಿದ್ ದಿನ."

ಅವನ ಹೆಂಡತಿ ಸಾಕಮ್ಮನಿಗೆ ಆ ಬೇಸಿಗೆಯಲ್ಲಿ ಲಕ್ವ ಹೊಡೆದಿತ್ತು. ಎದ್ದು ಕೂರುವುದೂ ಆಗುತ್ತಿರಲಿಲ್ಲ. ಕೆಂಪಣ್ಣನ ಮನೆದೇವರು ಕುಣಿಗಲ್ ಕಡೆ ಒಂದು ಗುಡ್ಡದ ಮೇಲಿದ್ದಾನೆ. ಇವಳು ತನ್ನ ಕಾಲ ಮೇಲೆ ಮೆಟ್ಟಿಲು ಹತ್ತಿ ಬಂದ ದಿನ ಮುಡಿ ಕೊಡುತ್ತೇನೆ, ಅಲ್ಲಿಯವರೆಗೆ ತಲೆಗಾಗಲಿ ಗಡ್ಡಕ್ಕಾಗಲಿ ಕತ್ತರಿ ಮುಟ್ಟಿಸುವುದಿಲ್ಲ ಎಂದು ಅವನು ಹೊತ್ತುಕೊಂಡಿದ್ದ. ಡಿಸೆಂಬರಿನ ಹೊತ್ತಿಗೆ ಸಾಕಮ್ಮ ಕೋಲು ಹಿಡಿದು ಒಳಮನೆಯಿಂದ ಜಗಲಿಗೆ ಬರುವಷ್ಟಾಗಿದ್ದಳು. ಗುಡ್ಡ ಇನ್ನೂ ದೂರ.

"ಹಂಗಾದ್ರೆ ಮುಂದಿನ್ ವರ್ಷ ಬಾ. ಔಟ್" ಎಂದರು ಸುಬೇದಾರರು.

ಕೆಂಪಣ್ಣ ಕದಲಲಿಲ್ಲ. ಅವನು ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಸಾಬ್, ಸರ್ವೀಸಲ್ ಇದ್ದಾಗ ನಾನ್ ಊರಿಗ್ ಬರ್ತಿದ್ದಿದ್ದು ಪಂಚೆ ಶರ್ಟಲ್ಲೇ. ಅವ್ಳು ಒಂದಿನಾನೂ ನನ್ನ ವರ್ದಿಲಿ ನೋಡ್ಲಿಲ್ಲ. ರಿಟೈರಾದ್ ಮೇಲೆ ಇಪ್ಪತ್ತಾರ್ನೇ ತಾರೀಕು ಅಂದ್ರೆ ರಾಗಿ ಕಣದ್ ಕೆಲ್ಸ, ದನಕರ, ಅವ್ಳು ಬರ್ಲೇ ಇಲ್ಲ. ಹಾಸ್ಗೆ ಹಿಡ್ದಾಗ ಕೇಳ್ಬುಟ್ಳು, ನೀನ್ ಕವಾಯತ್ ಮಾಡೋದ್ ನೋಡ್ದೇನೇ ಹೊಂಟೋಗ್ತೀನಾ ಅಂತ. ಈ ಸಲ ಕರ್ಕೊಂಡ್ ಬರ್ತೀನಿ ಅಂದಿದೀನಿ. ಮುಂದಿನ್ ವರ್ಷ ಅಂತ ಹೆಂಗ್ ಹೇಳ್ಲಿ ಸಾಬ್? ಇನ್ನೊಂದ್ ಸಲ ಹೊಡೆದ್ರೆ ಕಷ್ಟ ಅಂತ ಡಾಕ್ಟ್ರು ಹೇಳವ್ರೆ."

ಅವಳಿಗಾಗಿ ಬಿಟ್ಟ ಗಡ್ಡ ತೆಗೆಯುವ ಹಾಗಿಲ್ಲ, ತೆಗೆಯದೆ ಅವಳ ಕಣ್ಣ ಮುಂದೆ ನಡೆಯುವ ಹಾಗಿಲ್ಲ. ಸಾಲಿನಲ್ಲಿದ್ದವರೆಲ್ಲ ನೆಲ ನೋಡುತ್ತಿದ್ದರು. ನಾನು ಹೊರಗೆ ಬಂದೆ.

"ಒಂದೇ ಒಂದ್ ಸಲ ಬುಡಿ ಸುಬೇದಾರ್ರೆ. ಇವ್ರೇನ್ ನೌಕ್ರಿಲಿ ಅವ್ರಾ? ರಿಟೈರಾದೋರು ಗಡ್ಡ ಬಿಟ್ರೆ ಸರ್ಕಾರಾನೇ ಕೇಳಲ್ಲ."

"ಸರ್ಕಾರ ಕೇಳಲ್ಲ. ನಾನ್ ಕೇಳ್ತೀನಿ. ಸಾಕ್ಸಿಗೆ ಒಬ್ನ ಆಚೆ ಕಳಿಸಿದೀನಿ. ಇವತ್ ಗಡ್ಡಕ್ಕೆ ಬಿಟ್ರೆ ಅವ್ನ ಮುಖ ಹೆಂಗ್ ನೋಡ್ಲಿ?"

ಕುಣಿಗಲ್ ಹವಾಲ್ದಾರರು ಸಾಲಿನಿಂದಲೇ, "ನಂದೇನೂ ಬೇಜಾರಿಲ್ಲ ಸಾಬ್, ಬಿಡಿ ಅವ್ನ" ಎಂದರು.

"ಸಾಲಲ್ ಮಾತಾಡ್ಬಾರ್ದು" ಎಂದರು ಇವರು.

ನನಗೆ ಬಂದ ಕೋಪಕ್ಕೆ ಆ ಸ್ಕೇಲನ್ನು ಕಿತ್ತುಕೊಂಡು ಮುರಿದುಹಾಕಬೇಕೆನಿಸಿತು. ಸ್ಟೀಲು, ಮುರಿಯುವಂಥದ್ದಲ್ಲ. ಕೆಂಪಣ್ಣ ಚೀಲ ಎತ್ತಿಕೊಂಡು ಬಸ್ಸಿನ ಕಡೆ ಹೊರಟ. ಅವನ ಬೆನ್ನನ್ನೇ ನೋಡುತ್ತಿದ್ದ ಸುಬೇದಾರರು ಕೂಗಿದರು. "ಕೆಂಪಣ್ಣ! ಆ ಹರಕೆ ಆರ್ಡರು ಕೊಟ್ಟಿದ್ ಯಾರು?"

"ಕೊಟ್ಟಿದ್ ಯಾರು ಅಂದ್ರೆ... ನಾನೇ ಹೊತ್ಕೊಂಡಿದ್ದು, ದೇವ್ರು ಮುಂದೆ."

"ಹಂಗಾದ್ರೆ ಆರ್ಡರ್ ಬದ್ಲಾಯ್ಸಕ್ಕೆ ಅವ್ನಿಗೇ ಅರ್ಜಿ ಹಾಕ್ಬೇಕು. ನಡಿ, ಬುಧವಾರ ಹೋಗೋಣ. ಟೇಲರಮ್ಮ, ನೀವೂ ಬನ್ನಿ, ಸಾಕ್ಷಿಗೆ."

"ಅವ್ನನ್ನ ಗಡ್ಡದ್ ಜೊತೆ ನಡ್ಸಿದ್ರೆ ಮುಗೀತಿತ್ತಲ್ರೀ! ಇಷ್ಟೆಲ್ಲಾ ಯಾಕೆ?"

"ರೂಲ್ ಮುರಿಯೋದು ಸುಲಭಾನೇ. ಬಸ್ ಚಾರ್ಜೂ ಉಳಿಯುತ್ತೆ" ಎಂದು ಮೇಲೆ ಹೋಗಿಬಿಟ್ಟರು.

ನಮ್ಮ ಕಡೆ ದೇವರ ಅಪ್ಪಣೆ ಕೇಳುವುದು ಹೂವಿನಲ್ಲಿ. ಪೂಜಾರಿ ದೇವರ ಮೈಮೇಲೆ ಹೂವಿಟ್ಟು ಮಂಗಳಾರತಿ ಮಾಡುತ್ತಾನೆ, ನಾವು ಮನಸ್ಸಿನಲ್ಲಿರುವುದನ್ನು ಕೇಳಿಕೊಂಡು ಕಾಯಬೇಕು. ಬಲಗಡೆಯ ಹೂವು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಬುಧವಾರ ಮೂವರೂ ಹೋದೆವು. ಗುಡ್ಡದ ಮೆಟ್ಟಿಲು ಹತ್ತುವಷ್ಟರಲ್ಲಿ ನನ್ನ ಮಂಡಿ ಬಿದ್ದುಹೋಗಿತ್ತು. ಸುಬೇದಾರರು ಇಸ್ತ್ರಿ ಗೆರೆ ಮುರಿಯದ ಪಂಚೆಯಲ್ಲಿ ಎಲ್ಲರಿಗಿಂತ ಮುಂದಿದ್ದರು. ಗಂಡಸರು ಅಂಗಿ ಬಿಚ್ಚಿ ಒಳಗೆ ಹೋಗಬೇಕು. ಇವರು ಬಿಚ್ಚಿದ ಅಂಗಿಯನ್ನು ನಾಲ್ಕು ಮೂಲೆ ಸಮ ಬರುವಂತೆ ಮಡಿಸಿ ಮೆಟ್ಟಿಲ ಮೇಲಿಟ್ಟು, ಪಕ್ಕದಲ್ಲಿ ಬಿದ್ದಿದ್ದ ಯಾರದೋ ಅಂಗಿಯನ್ನೂ ಮಡಿಸಿಟ್ಟರು.

ಕೆಂಪಣ್ಣ ಕೈಮುಗಿದು, ಗಡ್ಡ ತೆಗೆಯಲು ಅಪ್ಪಣೆ ಕೊಡು ಎಂದು ಕೇಳಿಕೊಂಡ. ಆರತಿ ಆಯಿತು. ಹೊಗೆ ಏರುತ್ತಿತ್ತು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಎಡಗಡೆಯ ಸೇವಂತಿಗೆ ಜಾರಿ ಕೆಳಗೆ ಬಿತ್ತು.

ಕೆಂಪಣ್ಣನ ಮುಖ ನೋಡಲಾಗಲಿಲ್ಲ. ಸುಬೇದಾರರು ಮಾತ್ರ ತಲೆಯಾಡಿಸಿದರು, ತನಗೆ ಸರಿಸಮನಾದ ಒಬ್ಬ ಅಧಿಕಾರಿ ಕೊನೆಗೂ ಸಿಕ್ಕಿದ ಎಂಬಂತೆ.

ಪೂಜಾರಿ ಒಳ್ಳೆಯ ಮನುಷ್ಯ. "ಹರಕೆ ಕೂದಲು ಹೊರೋರು ಬೇರೆ ಯಾರಾದ್ರೂ ಇದ್ರೆ ಕೇಳ್ನೋಡ್ಬೋದು. ಗಂಡು ಮಕ್ಳು ಇದಾರಾ?"

"ಇಬ್ರೂ ಹೆಣ್ಮಕ್ಳೇ ಸ್ವಾಮಿ" ಎಂದ ಕೆಂಪಣ್ಣ.

"ಮನೆಯೋರೇ ಆಗ್ಬೇಕಾ?" ಎಂದರು ಸುಬೇದಾರರು.

"ಅವ್ನ ಹೊಣೆ ಹೊತ್ಕೊಳೋ ಅಂಥೋರು ಯಾರಾದ್ರೂ ಆಯ್ತು. ಇವತ್ತಿಂದ ಆವಮ್ಮ ಗುಡ್ಡ ಹತ್ತೋವರ್ಗೂ ಕತ್ತರಿ ಮುಟ್ಟಿಸ್ಬಾರ್ದು. ಆಮೇಲೆ ಇಲ್ಲೇ ಬಂದು ಮುಡಿ ಕೊಡ್ಬೇಕು."

"ಇವ್ನು ನನ್ನ ತುಕಡಿ ಮನುಷ್ಯ. ಹೂವಿಡಿ."

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಕೆಂಪಣ್ಣ, "ಬ್ಯಾಡ ಸಾಬ್, ಬ್ಯಾಡ" ಎಂದು ಅವರ ಕೈ ಹಿಡಿಯಲು ಹೋದ. "ಸಾವಧಾನ್!" ಎಂದರು. ಗರ್ಭಗುಡಿ ಗುಂಯ್ ಎಂದಿತು. ಕೆಂಪಣ್ಣ ನೆಟ್ಟಗೆ ನಿಂತ. ಪೂಜಾರಿಯೂ ನೆಟ್ಟಗೆ ನಿಂತ. ಈ ಸಲ ಆರತಿ ಎತ್ತುವುದಕ್ಕೂ ಬಿಡಲಿಲ್ಲ, ಬಲಗಡೆಯ ಹೂವು ಬಿತ್ತು.

ಕೆಂಪಣ್ಣನ ಹರಕೆ ಇಳಿಸಿ, ಅಲ್ಲೇ ಗಡ್ಡ ಕೂದಲು ತೆಗೆಸಿ, ಸುಬೇದಾರರ ಮಣಿಕಟ್ಟಿಗೆ ಅರಿಶಿನದ ದಾರ ಕಟ್ಟಿದರು. ಕಟ್ಟಿದ ಗಂಟು ವಾಲಿತ್ತು. ಬಸ್ಸಿನಲ್ಲಿ ಇಡೀ ದಾರಿ ಅದನ್ನು ಸರಿಮಾಡಿಕೊಳ್ಳುತ್ತಲೇ ಬಂದರು.

"ಅಲ್ರೀ, ಹಂಗಾದ್ರೆ ನೀವೇ ಪರೇಡಿಗ್ ಹೋಗಂಗಿಲ್ವಲ್ಲ!" ಎಂದೆ.

"ಇಲ್ಲ."

"ಇಷ್ಟ್ ವರ್ಷ ಒಂದಿನಾನೂ ತಪ್ಪಿಸ್ದೋರಲ್ಲ ನೀವು. ಯಾಕ್ ಮಾಡ್ಕೊಂಡ್ರಿ ಇದ್ನ?"

ಕಿಟಕಿಯಾಚೆ ನೋಡುತ್ತ ಹೇಳಿದರು: "ಇಪ್ಪತ್ನಾಲ್ಕು ಭರ್ತಿ ಆಗ್ಬೇಕಿತ್ತು. ಸಾಲಲ್ ಒಂದ್ ಜಾಗ ಖಾಲಿ ಇದ್ರೆ ಚೆನ್ನಾಗಿರಲ್ಲ."

ಅವರು ಬಿಟ್ಟರೆ ಇಪ್ಪತ್ತಮೂರೇ ಆಗುತ್ತದಲ್ಲ ಎಂದು ನಾನು ಲೆಕ್ಕ ಹೇಳಲಿಲ್ಲ. ಅದಕ್ಕೂ ಒಂದು ಉತ್ತರ ಇಟ್ಟುಕೊಂಡಿರುತ್ತಿದ್ದರು. ಮಾರನೇ ದಿನವೇ ಗುಬ್ಬಿಯಿಂದ ಒಬ್ಬ ಹೊಸಬನನ್ನು ಹಿಡಿದು ತಂದರು.

ಆಮೇಲಿನ ದಿನಗಳು ನನಗೆ ಶಿಕ್ಷೆ. ಗಡ್ಡ ಬೆಳೆಯತೊಡಗಿತು. ಬಿಳಿ, ಒರಟು, ಒಂದೊಂದು ಕೂದಲೂ ಒಂದೊಂದು ದಿಕ್ಕಿಗೆ. ಬೆಳಿಗ್ಗೆ ಏಳೂವರೆಗೆ ಕನ್ನಡಿಯ ಮುಂದೆ ಬರುವುದನ್ನು ಬಿಡಲಿಲ್ಲ, ಆದರೆ ಕುತ್ತಿಗೆಯಿಂದ ಕೆಳಗೆ ಮಾತ್ರ ನೋಡಿಕೊಳ್ಳುತ್ತಿದ್ದರು. ಆಟೋದವರು ಗುಂಡಿ ಹಾಕುವುದನ್ನು ನಿಲ್ಲಿಸಿದರು. ಹಾಲಿನ ಬೂತಿನವಳು, "ಹುಷಾರಿಲ್ವಾ ಅಜ್ಜ?" ಎಂದು ಕೇಳಿದಳಂತೆ. ಅಜ್ಜ ಎಂದದ್ದಕ್ಕೆ ಎರಡು ದಿನ ಹಾಲು ತರಲಿಲ್ಲ, ನನ್ನ ಹಾಲಿಗೆ ಬಂದರು. ಗುಬ್ಬಿಯ ಮಗಳು ಬಂದು ಗಾಬರಿಯಾಗಿ ಅತ್ತಳು. ಜೊತೆಗೆ ಬಂದಿದ್ದ ಅಳಿಯ ಮಾತ್ರ ಮಾವನ ಗಡ್ಡ ನೋಡಿ ತುಂಬ ಖುಷಿಯಾಗಿದ್ದ, ಫೋಟೋ ತೆಗೆಯಲು ಬಿಡಲಿಲ್ಲ ಎಂದು ಬೇಜಾರು ಮಾಡಿಕೊಂಡ.

ಕೋಪ ಬಂದಾಗಲೆಲ್ಲ ಗಲ್ಲ ಕೆರೆದುಕೊಳ್ಳುತ್ತಿದ್ದರು. ಒಂದು ದಿನ ನಾನು ಕತ್ತರಿ ತೋರಿಸಿ, "ತುದಿಗಳ್ನ ಸಮ ಮಾಡ್ಲಾ? ದೇವ್ರಿಗೆ ಗೊತ್ತಾಗಲ್ಲ" ಎಂದು ಕೆಣಕಿದೆ. ಆ ಕತ್ತರಿಯನ್ನು ಅವರು ನೋಡಿದ ನೋಟದಲ್ಲಿ ಎಷ್ಟು ಆಸೆಯಿತ್ತೆಂದರೆ, ನನಗೇ ಪಾಪ ಎನಿಸಿ ಡ್ರಾಯರಿನೊಳಗೆ ಇಟ್ಟುಬಿಟ್ಟೆ.

ಆ ಕೂದಲು ಇಳಿದದ್ದು ಯುಗಾದಿ ಕಳೆದ ಮೇಲೆ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತುಹೋಗುತ್ತದೆ. ಸಾಕಮ್ಮ ಇಬ್ಬರು ಹೆಣ್ಣುಮಕ್ಕಳ ಮಧ್ಯೆ, ಮೂರು ಕಡೆ ಕೂತು, ಆದರೆ ತನ್ನ ಕಾಲ ಮೇಲೇ ಗುಡ್ಡ ಹತ್ತಿದಳು. ಸುಬೇದಾರರು ಮುಡಿ ಕೊಡಲು ಕೂತು, ಕಿವಿಯ ಪಕ್ಕ ಎರಡು ಕಡೆಯೂ ಸಮವಾಗಿ ಬರಲಿ ಎಂದು ಕ್ಷೌರಿಕನಿಗೆ ಹೇಳಿದರು. ಅವನು, "ಪೂರ್ತಿ ಬೋಳಿಸ್ತಿದೀನಿ ಯಜಮಾನ್ರೇ, ಇನ್ಯಾವ ಸಮ?" ಎಂದ.

ಜನವರಿ ಇಪ್ಪತ್ತಾರು ಬಂತು. ಬೆಳಗಿನ ಜಾವದ ಚಳಿಯಲ್ಲಿ ಇಪ್ಪತ್ತನಾಲ್ಕು ಜನ ನನ್ನ ಅಂಗಡಿಯ ಮುಂದೆ ಸಾಲು ನಿಂತರು. ಸುಬೇದಾರರು ಪಂಚೆ, ಬಿಳೀ ಶರ್ಟಿನಲ್ಲಿ ಮೆಟ್ಟಿಲ ಮೇಲೇ ನಿಂತರು, ಇಳಿಯಲಿಲ್ಲ.

"ಸಾಬ್, ನೀವೂ ಬನ್ನಿ. ಗಡ್ಡ ಇದ್ರೆ ಇರ್ಲಿ, ಯಾರೂ ಏನೂ ಅನ್ನಲ್ಲ" ಎಂದರು ಕುಣಿಗಲ್ ಹವಾಲ್ದಾರರು.

ಸುಬೇದಾರರು ತಮ್ಮ ಎದೆಗೇ ಬೆರಳು ತೋರಿಸಿ, "ಔಟ್" ಎಂದರು. ಆಮೇಲೆ ಜೇಬಿನಿಂದ ಸ್ಕೇಲ್ ತೆಗೆದು ಹವಾಲ್ದಾರರ ಕೈಗೆ ಕೊಟ್ಟು, "ನೀನ್ ನೋಡು. ಹಿಂಗಿರೋನು ಇನ್ನೊಬ್ರನ್ನ ಅಳೀಬಾರ್ದು" ಎಂದರು. ಹವಾಲ್ದಾರರು ಸ್ಕೇಲ್ ಹಿಡಿದು ಸಾಲಿನುದ್ದಕ್ಕೂ ನಡೆದರು. ಎಲ್ಲರ ಸಾಕ್ಸನ್ನೂ ನೋಡಿದರು. ಯಾರೂ ಔಟ್ ಆಗಲಿಲ್ಲ.

ಮೈದಾನದಲ್ಲಿ ಸಾಕಮ್ಮನಿಗೆ ಒಂದು ಕುರ್ಚಿ ಹಾಕಿಸಿದ್ದು ಸುಬೇದಾರರೇ. ಎಲ್ಲಿ ಅಂದರೆ ಅಲ್ಲಲ್ಲ. ತುಕಡಿ ವೇದಿಕೆಯ ಮುಂದೆ ಬಂದಾಗ ಎಲ್ಲರೂ ಒಟ್ಟಿಗೆ ಬಲಕ್ಕೆ ಮುಖ ತಿರುಗಿಸುತ್ತಾರೆ. ವೇದಿಕೆಯ ಎದುರುಗಡೆ ಕೂತವರಿಗೆ ಕಾಣುವುದು ಬರೀ ಕತ್ತಿನ ಹಿಂಭಾಗ. ಅದಕ್ಕೇ ಎರಡು ದಿನ ಮುಂಚೆ ಹೋಗಿ ಹೆಜ್ಜೆ ಎಣಿಸಿ, ಮುಖಗಳು ತಿರುಗುವ ಜಾಗ ಗುರುತು ಮಾಡಿ, ಅಲ್ಲಿದ್ದ ಪೊಲೀಸಿನವರನ್ನು ಕೇಳಿಕೊಂಡಿದ್ದರು. ಅವರು ಇವರ ಗಡ್ಡ ನೋಡಿ, "ಆಗ್ಲಿ ಸ್ವಾಮ್ಗಳೇ" ಎಂದು ಕೈಮುಗಿದು ಒಪ್ಪಿದರಂತೆ. ಅದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಸಾಕಮ್ಮ ಹೊಸ ಸೀರೆ ಉಟ್ಟು, ಕೋಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಸುಬೇದಾರರು. ಪೊಲೀಸಿನವರು ಹೋದರು, ಹೋಂಗಾರ್ಡಿನವರು ಹೋದರು, ಸ್ಕೂಲ್ ಮಕ್ಕಳು ಹೋದರು. ಬ್ಯಾಂಡಿನ ಹಿಂದೆ ನೀಲಿ ಬ್ಲೇಜರುಗಳು ಕಂಡವು. ಸುಬೇದಾರರು ಪಂಚೆಯಲ್ಲೇ ಹಿಮ್ಮಡಿ ಕೂಡಿಸಿ ನೆಟ್ಟಗೆ ನಿಂತರು. "ದಾಹಿನೇ ದೇಖ್!" ಎಂದು ಕುಣಿಗಲ್ ಹವಾಲ್ದಾರರು ಕೂಗಿದರು. ಇಪ್ಪತ್ತನಾಲ್ಕು ಮುಖ ಒಟ್ಟಿಗೆ ನಮ್ಮ ಕಡೆ ತಿರುಗಿದವು.

ಸಾಕಮ್ಮ ಕುರ್ಚಿಯ ಕೈ ಹಿಡಿದು ಮುಂದೆ ಬಾಗಿದಳು. ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಅವಳ ಮುಖ ಕಂಗೆಟ್ಟುಹೋಯಿತು. "ಅಯ್ಯೋ ಅಕ್ಕಾ, ಎಲ್ಲಾ ಒಂದೇ ಥರ ಅವ್ರಲ್ಲಾ! ಅದೇ ಕೋಟು, ಅದೇ ಟೋಪಿ! ನಮ್ಮನೆಯೋರು ಯಾರು?"

ನಾನೂ ಹುಡುಕಿದೆ. ದೇವರಾಣೆ, ಎಲ್ಲರ ಅಂಗಿಯನ್ನೂ ಬಿಚ್ಚಿ ಹೊಲಿದವಳಾದರೂ ನನಗೂ ಗುರುತು ಹತ್ತಲಿಲ್ಲ. ಈ ಮನುಷ್ಯ ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದರು. ಸಾಲು ನಡೆಯುತ್ತಲೇ ಇತ್ತು, ಇನ್ನು ಹತ್ತು ಹೆಜ್ಜೆಗೆ ದಾಟಿಹೋಗುತ್ತಿತ್ತು. "ತೋರ್ಸ್ರೀ ಬೇಗ!" ಎಂದು ನಾನು ಸುಬೇದಾರರ ಮೇಲೆ ರೇಗಿದೆ.

ಅವರು ಕದಲಲಿಲ್ಲ. ಕೈ ಎತ್ತಿ ತೋರಿಸಲಿಲ್ಲ. ತುಟಿ ಮಾತ್ರ ಆಡಿಸಿದರು. "ಎರಡ್ನೇ ಸಾಲು ನೋಡಮ್ಮ. ಕೈ ಬೀಸುವಾಗ ಎಡಗೈ ಎಲ್ರಿಗಿಂತ ಒಂದ್ ಗೇಣು ಕೆಳಗೇ ನಿಲ್ಸ್ತಾನಲ್ಲ, ಅವ್ನೇ. ಎಷ್ಟ್ ವರ್ಷದಿಂದ ಬಯ್ತಿದೀನಿ, ತಿದ್ಕೊಳ್ಳೋ ಹಂಗೇ ಇಲ್ಲ."

"ಆಂ! ಕಂಡ್ರು!" ಎಂದಳು ಸಾಕಮ್ಮ. ಎದ್ದು ನಿಂತೇಬಿಟ್ಟಳು, ಕೋಲು ಕೆಳಗೆ ಬಿತ್ತು. ಕೆಂಪಣ್ಣನ ಕಣ್ಣು ಅಲುಗಲಿಲ್ಲ, ಅಲುಗಬಾರದು, ಆದರೆ ಅವನಿಗೂ ಕಂಡಿತು ಎಂದು ನನಗೆ ಗೊತ್ತು. ನಗುತ್ತ, ಅಳುತ್ತ, ಅವನ ಬೆನ್ನು ಮರೆಯಾಗುವವರೆಗೂ ನೋಡಿದಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಹೇಳಿದಳು: "ತಿದ್ಕೊಳ್ಳೋದ್ ಎಲ್ಬಂತು ಸಾರ್. ತೆಂಗಿನ್ ಮರದಿಂದ ಬಿದ್ದು ಆ ಕೈ ಮುರಿದೋಗಿತ್ತಲ್ಲ. ಮೇಲಕ್ ಬರಕ್ಕಿಲ್ಲ. ನಿಮ್ಗ್ ಗೊತ್ತಾದ್ರೆ ಸಾಲಿಂದ ತೆಗೆದ್ಬುಡ್ತೀರಾ ಅಂತ ಹೇಳೇ ಇಲ್ಲ."

ಬೇರೆ ತುಕಡಿಗಳು ಹೋಗುತ್ತಲೇ ಇದ್ದವು. ಸುಬೇದಾರರು ಕಾಲಡಿಯ ನೆಲ ನೋಡುತ್ತ ನಿಂತಿದ್ದರು. ಗಲ್ಲ ಕೆರೆದುಕೊಳ್ಳಲೂ ಇಲ್ಲ.

ಪರೇಡ್ ಮುಗಿದ ಮೇಲೆ ಕೆಂಪಣ್ಣ ಬೆವರುತ್ತ ಬಂದು ಮೊದಲು ಹೆಂಡತಿಯ ಮುಖ ನೋಡಿದ, ಆಮೇಲೆ ಸುಬೇದಾರರೆದುರು ಹಿಮ್ಮಡಿ ಕೂಡಿಸಿ ನಿಂತ. ಪ್ರತಿ ವರ್ಷದ ಪದ್ಧತಿ ಅದು, ಪರೇಡಾದ ಮೇಲೆ ಒಬ್ಬೊಬ್ಬರೂ ಬಂದು ತಮ್ಮ ತಪ್ಪು ಕೇಳಿಸಿಕೊಂಡು ಹೋಗಬೇಕು. ಸುಬೇದಾರರು ಅವನ ಸುತ್ತ ಒಂದು ಸುತ್ತು ಬಂದರು. ಟೋಪಿ, ಟೈ, ಮೆಡಲು, ಬೂಟು. ಎಡಗೈಯ ಹತ್ತಿರ ನಿಂತರು.

"ಎಡಗೈ..." ಎಂದರು.

ಸಾಕಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

"ಎಡಗೈ ಇವತ್ ಸರಿಯಾಗ್ ಬಂತು" ಎಂದು ಹೇಳಿ, ಬೇರೆಯವರ ಕಡೆ ನಡೆದುಬಿಟ್ಟರು.

ನಾನು ಅಳತೆಯ ಮೇಲೆ ಬದುಕಿದವಳು. ಒಂದು ಗೇಣಲ್ಲ, ಒಂದೂವರೆ ಗೇಣು ಕಡಿಮೆ ಇತ್ತು.